ಹಗುರವಾದೊಂದು ಪಿಸ್ಟನ್

ಮೋಟಾರು ಗಾಡಿಯ ಬಲ ಹೆಚ್ಚಬೇಕಾದರೆ ಎಂಜಿನನ್ನು ದೊಡ್ಡದು ಮಾಡಬೇಕು. ಇದು ಯಾರಿಗಾದರೂ ತೋಚುವ ಮಾತು. ಮೊದಮೊದಲ ತಯಾರಕರು ಅನೇಕರು ಮಾಡಿದ್ದೂ ಹಾಗೆಯೇ. ಎಂಜಿನನ್ನು ಬೆಳೆಸದೆ, ಅದರೊಳಗಿನ ಒಂದು ಭಾಗವನ್ನು ಹಗುರಮಾಡಿಯೂ ಬಲ ಪಡೆಯಬಹುದೆಂದು ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ಡಬ್ಲ್ಯು. ಓ. ಬೆಂಟ್ಲಿ ಒಬ್ಬರು.

ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿತ ಬೆಂಟ್ಲಿ, 1912ರಲ್ಲಿ ಅಣ್ಣನೊಡನೆ ಸೇರಿ ಲಂಡನ್ನಿನಲ್ಲಿ ಡಿ. ಎಫ್. ಪಿ. ಎಂಬ ಫ್ರೆಂಚ್ ಕಾರುಗಳ ವ್ಯಾಪಾರಕ್ಕಿಳಿದರು. ಎರಡು ಲೀಟರಿನ ಸಣ್ಣ ಎಂಜಿನು, ಹೆಸರೂ ಅಪರಿಚಿತ. ಪಂದ್ಯದಲ್ಲಿ ಓಡಿ ತೋರಿಸಿದರೆ ಗಿರಾಕಿಗಳು ಬಂದಾರು. 1913ರಲ್ಲಿ ಫ್ರಾನ್ಸಿನ ಕಾರ್ಖಾನೆಗೆ ಹೋದಾಗ, ಕಾಗದ ಹಾರದಂತೆ ಮೇಜಿನ ಮೇಲಿಟ್ಟಿದ್ದ ಅಲ್ಯೂಮಿನಿಯಮ್ಮಿನ ಪುಟ್ಟ ಪಿಸ್ಟನ್ ಅವರ ಕಣ್ಣಿಗೆ ಬಿತ್ತು.

ಇದರಲ್ಲೇನು ವಿಶೇಷವೆನ್ನುವಿರಾ? ಎಂಜಿನು ನಿಮಿಷಕ್ಕೆ 2000 ಸುತ್ತು ತಿರುಗಿದರೆ ಪಿಸ್ಟನ್ 4000 ಸಲ ನಿಂತು ಹಿಂದಿರುಗಬೇಕು. ಕಬ್ಬಿಣದ ಪಿಸ್ಟನ್ನಿನ ಭಾರವನ್ನು ಹೀಗೆ ತಡೆದು ತಿರುಗಿಸುವಲ್ಲಿ ಉಳಿದ ಭಾಗಗಳೆಲ್ಲ ನಲುಗುತ್ತವೆ. ಭಾರ ಇಳಿದರೆ ವೇಗ ಏರಿಸಬಹುದು.

ಆದರೆ ಅಲ್ಯೂಮಿನಿಯಮ್ 660 ಡಿಗ್ರಿ ಸೆಂಟಿಗ್ರೇಡಿಗೇ ಕರಗುವ ಲೋಹ. ಪೆಟ್ರೋಲಿನ ಜ್ವಾಲೆ ಅದಕ್ಕಿಂತ ಎಷ್ಟೋ ಬಿಸಿ. ಪಿಸ್ಟನ್ ಉಳಿದೀತೆ? ಅಡಿಗೆಮನೆಯ ಅಲ್ಯೂಮಿನಿಯಮ್ ಪಾತ್ರೆಯನ್ನು ನೆನೆಯಿರಿ: ತಳದ ಶಾಖ ಕ್ಷಣದಲ್ಲಿ ಅಂಚಿಗೆ ಹರಿಯುತ್ತದೆ. ಪಿಸ್ಟನ್ನಿನ ನೆತ್ತಿಯ ಶಾಖವೂ ಹಾಗೆಯೇ ಬೇಗ ಸಿಲಿಂಡರಿನ ಗೋಡೆಗೆ ಸಾಗುತ್ತದೆ. ನೆತ್ತಿ ತಂಪಾಗಿದ್ದರೆ ಅನಿಲವನ್ನು ಇನ್ನಷ್ಟು ಒತ್ತಬಹುದು. ಅದರಿಂದಲೂ ಬಲ ಬರುತ್ತದೆ. ತಾಮ್ರ ಬೆರೆಸಿದ ಅಲ್ಯೂಮಿನಿಯಮ್ ಪಿಸ್ಟನ್ನುಗಳನ್ನು ಬೆಂಟ್ಲಿ ಮಾಡಿಸಿ ಪರೀಕ್ಷಿಸಿದರು. ಅವು ಕರಗಲಿಲ್ಲ. 1914ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥದಲ್ಲಿ ಆ ಸಣ್ಣ ಕಾರು ಗಂಟೆಗೆ ಸುಮಾರು 90 ಮೈಲಿ ಓಡಿತು.

ಬೆಂಟ್ಲಿ ಗುಟ್ಟನ್ನು ಪ್ರತಿಸ್ಪರ್ಧಿಗಳಿಗೆ ಬಿಟ್ಟುಕೊಡಲಿಲ್ಲ. ಅವರ ವ್ಯಾಪಾರ ನಿಂತಿದ್ದುದೇ ಅದರ ಮೇಲೆ. ಅದೇ ವರ್ಷ ಮಹಾಯುದ್ಧ ಹೊತ್ತಿತು. ವಿಮಾನದ ಎಂಜಿನಿಗೆ ಹಗುರವೂ ಬಲವೂ ಒಟ್ಟಿಗೇ ಬೇಕು. ಆಗ ಬೆಂಟ್ಲಿ ತಾವಾಗಿಯೇ ನೌಕಾಖಾತೆಯ ಅಧಿಕಾರಿಗಳಲ್ಲಿಗೆ ಹೋಗಿ ವಿಷಯ ತಿಳಿಸಿದರು. ರೋಲ್ಸ್ ರಾಯ್ಸ್, ಸನ್‌ಬೀಮ್ ಕಾರ್ಖಾನೆಗಳಿಗೂ ಹೋಗಿ ವಿವರಿಸಿದರು. ಮುಂದೆ ಅವರೇ ರಚಿಸಿದ 150 ಅಶ್ವಶಕ್ತಿಯ ಎಂಜಿನು ಸಾಪ್‌ವಿತ್ ಕ್ಯಾಮೆಲ್ ಯುದ್ಧವಿಮಾನಗಳಿಗೆ ಏರಿತು.

ಅವರ ಹೆಸರಿನ ಕಾರು ಕಂಪೆನಿ ಹುಟ್ಟಿದ್ದು ಯುದ್ಧ ಮುಗಿದಮೇಲೆ, 1919ರಲ್ಲಿ. ಗಿರಾಕಿಗಾಗಿ ಕಾಪಾಡಿದ್ದ ಗುಟ್ಟು ಯುದ್ಧದಲ್ಲಿ ಬಯಲಾಯಿತು. ಈಗ ನಿಮ್ಮ ಬೀದಿಯಲ್ಲಿ ಓಡುವ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವುಗಳ ಪಿಸ್ಟನ್ ಅಲ್ಯೂಮಿನಿಯಮ್ಮಿನದೇ.