ಎಲುಬು ಟೊಳ್ಳಾದರೆ ವಿಟಮಿನ್ ಡಿ ಒಂದೇ ಸಾಕೇ?

ವಯಸ್ಸಾದವರು ಬಚ್ಚಲಲ್ಲಿ ಸಣ್ಣಗೆ ಜಾರಿ ಬಿದ್ದರೂ ಸೊಂಟದ ಎಲುಬು ಮುರಿಯುವುದುಂಟು. ಇದಕ್ಕೆ ಹೆಚ್ಚಾಗಿ ಕಾರಣ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಒಳಗಿಂದೊಳಗೆ ಟೊಳ್ಳಾಗುವ ಕಾಯಿಲೆ. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಜಾಸ್ತಿ. ತುಂಬಾ ಸಮಯ ಸ್ಟೀರಾಯ್ಡ್ ಮಾತ್ರೆ ತಿಂದವರಿಗೂ ಬರಬಹುದು. ಮಂಡಿ ಸವೆತ ಬೇರೆ, ಇದು ಬೇರೆ. ಎಲುಬು ಮುರಿಯುವ ತನಕ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಕಾಯಿಲೆ ಇದೆ ಎಂದು ಲೆಕ್ಕ.

ವಿಟಮಿನ್ ಡಿ ಮಾಡುವ ಕೆಲಸ

ಆಹಾರದಲ್ಲಿರುವ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು. ಅದು ಕಡಿಮೆಯಾದರೆ ದೇಹ ಎಲುಬಿನ ಕ್ಯಾಲ್ಸಿಯಂ ಅನ್ನೇ ತೆಗೆಯುತ್ತದೆ, ಡೆಪಾಸಿಟ್ ಮುರಿದು ಮನೆ ಖರ್ಚು ನಡೆಸಿದ ಹಾಗೆ.

ಚರ್ಮಕ್ಕೆ ನೇರ ಬಿಸಿಲು ಬಿದ್ದಾಗ ದೇಹವೇ ಈ ವಿಟಮಿನ್ ತಯಾರಿಸುತ್ತದೆ. ಕಿಟಕಿ ಗಾಜಿನೊಳಗಿಂದ ಬಂದ ಬಿಸಿಲು ಪ್ರಯೋಜನವಿಲ್ಲ. ಹೆಚ್ಚು ಹೊತ್ತು ಮನೆಯೊಳಗೇ ಇರುವವರಲ್ಲಿ, ಹೊರಗೆ ಮೈಪೂರ್ತಿ ಮುಚ್ಚುವ ಉಡುಪು ಹಾಕುವವರಲ್ಲಿ ಕೊರತೆ ಹೆಚ್ಚು. ಮನೆಯ ಟೆರೇಸ್ ಅಥವಾ ಹಿತ್ತಿಲಿನಲ್ಲಿ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ತಾಗಿಸಿದರೆ ಒಳ್ಳೆಯದು.

ಔಷಧಿಗೆ ಬದಲಿ ಅಲ್ಲ

ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ ವೈಟಲ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ತೆಗೆದುಕೊಂಡವರಲ್ಲಿ ಎಲುಬು ಮುರಿತ ಕಡಿಮೆಯಾಗಲಿಲ್ಲ. ಅವರು ಕೊರತೆ ನೋಡಿ ಆರಿಸಿದವರಲ್ಲ, ಸಾಮಾನ್ಯ ಜನ. ಹಾಗಾಗಿ ಕೊರತೆ ಇದ್ದವರಿಗೆ ವಿಟಮಿನ್ ಬೇಡ ಎಂದು ಇದರ ಅರ್ಥವಲ್ಲ.

ಎಲುಬು ಸವೆಯುವುದನ್ನು ತಡೆಯಲು ಅಲೆಂಡ್ರೊನೇಟ್‌ನಂತಹ ಔಷಧಿಗಳಿವೆ. ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಅದರ ಜೊತೆಗಾರರು ಮಾತ್ರ. "ವಿಟಮಿನ್ ತಿನ್ನುತ್ತಾ ಇದ್ದೇನಲ್ಲ" ಎಂದು ಡಾಕ್ಟರ್ ಬರೆದ ಮಾತ್ರೆ ಬಿಡಬಾರದು. ಅಲೆಂಡ್ರೊನೇಟ್ ಅನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಲಾಸ್ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ ಇರಬೇಕು.

ಡೋಸ್ ತಪ್ಪಿದರೆ ಅಪಾಯ

ಮೆಡಿಕಲ್‌ನಲ್ಲಿ ಸಿಗುವ 60,000 ಯೂನಿಟ್‌ನ ಸ್ಯಾಚೆ ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವೇ ವಾರ. ಇದನ್ನು ದಿನಾ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ ಶುರುವಾಗಬಹುದು, ಕಿಡ್ನಿಗೂ ಪೆಟ್ಟು. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದಾಗ ಬೀಳುವುದೂ ಎಲುಬು ಮುರಿಯುವುದೂ ಹೆಚ್ಚಾಯಿತು ಎಂದು 2010ರಲ್ಲಿ ವರದಿಯಾಗಿದೆ.

ಮನೆಯಲ್ಲಿ ಮಾಡಬಹುದಾದದ್ದು

ರಾಗಿ, ಹಾಲು, ಮೊಸರು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಕ್ಯಾಲ್ಸಿಯಂ ಕೊಡುತ್ತವೆ. ಬೂತಾಯಿ, ಅಂದರೆ ಮತ್ತಿ ಮೀನಿನಲ್ಲಿ ವಿಟಮಿನ್ ಡಿ ಕೂಡ ಇದೆ. ದಿನಾ ನಡೆಯಬೇಕು, ಬೀಡಿ ಸಿಗರೇಟು ಬಿಡಬೇಕು. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿದರೆ ಬೀಳುವ ಭಯ ಕಡಿಮೆ. ಮನೆಯಲ್ಲಿ ಉಮ್ಮನಿಗೆ ಒಮ್ಮೆ ಬಿದ್ದು ಎಲುಬು ಮುರಿದಿದ್ದರೆ ಪ್ಲಾಸ್ಟರ್ ತೆಗೆದಲ್ಲಿಗೆ ಮುಗಿಯಿತು ಅಂದುಕೊಳ್ಳದೆ ಡೆಕ್ಸಾ ಸ್ಕ್ಯಾನ್ ಬಗ್ಗೆ ಡಾಕ್ಟರಲ್ಲಿ ಕೇಳಿ.