ಆಲೂಗಡ್ಡೆ ಮೊಳಕೆ ಮೇಲೆ ಬೆಳೆದ ಕಣಜ

2008ರಲ್ಲಿ ಕೊಯಮತ್ತೂರು ಕಡೆಯ ಪಪ್ಪಾಯಿ ಗಿಡಗಳ ಮೇಲೆ ಹಿಟ್ಟು ಎರಚಿದ ಹಾಗೆ ಬಿಳಿ ಹುಳು ಕಾಣಿಸಿಕೊಂಡಿತು. ಅದರ ಹೆಸರು ಪಪ್ಪಾಯಿ ಹಿಟ್ಟು ತಿಗಣೆ, ಮೂಲ ಮೆಕ್ಸಿಕೊ ಕಡೆ. ಮೈಮೇಲೆ ಮೇಣದ ಹೊದಿಕೆ ಇರೋದರಿಂದ ಔಷಧಿ ಹೊಡೆದರೂ ಸರಿಯಾಗಿ ತಾಗೋದಿಲ್ಲ. ಎರಡು ವರ್ಷದೊಳಗೆ ಕೇರಳ, ಕರ್ನಾಟಕಕ್ಕೂ ಬಂತು. ಪಪ್ಪಾಯಿ ಒಂದೇ ಅಲ್ಲ, ಮರಗೆಣಸು, ದಾಸವಾಳ, ಹಿಪ್ಪುನೇರಳೆ ಯಾವುದನ್ನೂ ಬಿಡಲಿಲ್ಲ.

ಹಿಪ್ಪುನೇರಳೆ ಅಂದಾಗ ರೇಷ್ಮೆ ಮಾಡುವ ಮನೆಗಳಿಂದ ಬಂದವರಿಗೆ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಔಷಧಿ ಹೊಡೆದ ಸೊಪ್ಪು ಹಾಕಿದರೆ ರೇಷ್ಮೆ ಹುಳುವೇ ಸಾಯುತ್ತೆ. ಹೊಡೆಯದಿದ್ದರೆ ತಿಗಣೆ ಸೊಪ್ಪು ಉಳಿಸೋದಿಲ್ಲ. ತಮಿಳುನಾಡಿನಲ್ಲಿ ತೋಟವನ್ನೇ ಕಿತ್ತು ಹಾಕಿದವರಿದ್ದರು.

ಇದೇ ತಿಗಣೆ 1990ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೂ 1998ರಲ್ಲಿ ಫ್ಲೋರಿಡಾಕ್ಕೂ ಹೋಗಿತ್ತು. ಆಗ ಅಮೆರಿಕದ ಕೃಷಿ ಇಲಾಖೆಯವರು ಅದರ ಸ್ವಂತ ಊರಾದ ಮೆಕ್ಸಿಕೊದಲ್ಲೇ ಶತ್ರುವನ್ನು ಹುಡುಕಿದರು. ಸಿಕ್ಕಿದ್ದು ಸಣ್ಣ ಕಣಜಗಳು. ಕಾಳು ತುಂಬುವ ಕಣಜ ಅಲ್ಲ, ಕಡಜದ ಜಾತಿಯ ಹುಳು. ಅವುಗಳಲ್ಲಿ ಅಸೆರೋಫೇಗಸ್ ಪಪಾಯೆ ಅನ್ನೋದು ಒಂದು ಮಿಲಿಮೀಟರೂ ಇಲ್ಲ, ಮನುಷ್ಯರನ್ನು ಕಚ್ಚೋದೂ ಇಲ್ಲ. ಇವನ್ನು ಪೋರ್ಟೊ ರಿಕೊದಲ್ಲಿ ಹೇರಳವಾಗಿ ಬೆಳೆಸಿ ಬೇರೆ ದೇಶಗಳಿಗೂ ಕೊಟ್ಟರು.

2010ರ ಜುಲೈನಲ್ಲಿ ಅಲ್ಲಿಂದ ಮೂರು ಜಾತಿಯ ಕಣಜಗಳು ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಗೆ ಬಂದವು. ಈಗ ಅದನ್ನು ಎನ್‌ಬಿಎಐಆರ್ ಅಂತಾರೆ. ಬಂದ ಕೂಡಲೇ ಹೊರಗೆ ಬಿಡಲಿಲ್ಲ, ಕ್ವಾರಂಟೈನ್‌ನಲ್ಲಿ ಇಟ್ಟರು. ಕೊರೊನಾ ಕಾಲದಲ್ಲಿ ನಾವೂ ಕೂತಿದ್ದೆವಲ್ಲ, ಹಾಗೆ.

ಬೆಳೆಸುವ ರೀತಿ ನನಗೆ ಬಹಳ ಹಿಡಿಸಿತು. ವೈರಿಂಗ್ ಮಾಡುವವನು ಮೊದಲು ಕೇಳೋದು ಲೋಡ್ ಎಷ್ಟು ಅಂತ. ಇಲ್ಲಿ ದೊಡ್ಡ ಯಂತ್ರವೇ ಇಲ್ಲ. ಕತ್ತಲೆ ಕೋಣೆಯಲ್ಲಿ ಆಲೂಗಡ್ಡೆ ಮೊಳಕೆ ಬರಿಸುತ್ತಾರೆ. ಮೊಳಕೆ ಮೇಲೆ ತಿಗಣೆಯ ಮೊಟ್ಟೆ ಬಿಡುತ್ತಾರೆ. ಅಂದರೆ ಕಣಜ ಬೇಕಾದರೆ ಮೊದಲು ಶತ್ರುವನ್ನೇ ಸಾಕಬೇಕು! ಮರಿ ತಿಗಣೆ ತುಂಬಿದ ಆಲೂಗಡ್ಡೆಗಳನ್ನು ಸಣ್ಣ ಬಟ್ಟೆಯ ಪಂಜರದಲ್ಲಿಟ್ಟು ಕಣಜಗಳನ್ನು ಒಳಗೆ ಬಿಡುತ್ತಾರೆ. ಹೆಣ್ಣು ಕಣಜ ತಿಗಣೆಯ ಹೊಟ್ಟೆಯೊಳಗೆ ಮೊಟ್ಟೆ ಇಡುತ್ತೆ. ಒಳಗಿನ ಮರಿ ಅದನ್ನೇ ತಿಂದು ಬೆಳೆಯುತ್ತೆ, ತಿಗಣೆ ಗಟ್ಟಿಯಾಗಿ ಬರೀ ಸಿಪ್ಪೆ ಆಗುತ್ತೆ. ಎರಡು ವಾರದ ಆಸುಪಾಸಿನಲ್ಲಿ ಸಿಪ್ಪೆಗೆ ತೂತು ಮಾಡಿ ಹೊಸ ಕಣಜ ಹೊರಗೆ ಬರುತ್ತೆ.

ಆ ವರ್ಷ ಅಕ್ಟೋಬರ್‌ನಿಂದ ಹೊಲಗಳಿಗೆ ಬಿಟ್ಟರು. ಕೃಷಿ ವಿಶ್ವವಿದ್ಯಾಲಯಗಳು, ರೇಷ್ಮೆ ಸಂಸ್ಥೆಗಳೂ ಬೆಳೆಸಿ ಹಂಚಿದವು. ರೈತನಿಗೆ ಹೇಳಿದ್ದು ಒಂದೇ ಮಾತು, ಔಷಧಿ ಹೊಡೆಯಬೇಡಿ, ಕಣಜವೂ ಸಾಯುತ್ತೆ ಅಂತ. ಕಣ್ಣೆದುರಿಗೆ ಬೆಳೆ ಹೋಗುತ್ತಿರುವಾಗ ಪಂಪು ಕೆಳಗಿಟ್ಟು ಸುಮ್ಮನೆ ಕೂರೋದು ಸುಲಭ ಅಲ್ಲ, ನನ್ನ ಪ್ರಕಾರ ಇಡೀ ಕಥೆಯಲ್ಲಿ ಅದೇ ಕಷ್ಟದ ಕೆಲಸ. ಆದರೆ ಕೆಲವೇ ತಿಂಗಳಲ್ಲಿ ತಿಗಣೆ ಇಳಿಯಿತು. ಮೂರು ಕಣಜಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಅಸೆರೋಫೇಗಸ್. ಅದು ಇಲ್ಲೇ ನೆಲೆ ನಿಂತಿತು.

2020ರಲ್ಲಿ ಕೇರಳದ ತ್ರಿಶೂರಿನಲ್ಲಿ ಮರಗೆಣಸಿನ ಇನ್ನೊಂದು ಹಿಟ್ಟು ತಿಗಣೆ ಸಿಕ್ಕಿತು. ಅದಕ್ಕೆ ಬೇಕಾದ ಕಣಜವನ್ನು ಆಫ್ರಿಕಾದ ಬೆನಿನ್‌ನಿಂದ ತರಿಸಿದ್ದೂ ಇದೇ ಬೆಂಗಳೂರಿನ ಸಂಸ್ಥೆ.