ಕ್ಯಾಪ್ಟನ್ ಲಕ್ಷ್ಮೀ ಸೆಹಗಲ್

ಲಕ್ಷ್ಮೀ ಸೆಹಗಲ್ (1914–2012) ಆಜಾದ್ ಹಿಂದ್ ಫೌಜಿನ ರಾಣಿ ಝಾನ್ಸಿ ದಳದ ನಾಯಕಿ, ಪ್ರಸೂತಿ ವೈದ್ಯೆ, ಎಡಪಂಥೀಯ ಹೋರಾಟಗಾರ್ತಿ. ಅವರು ಸಮವಸ್ತ್ರ ತೊಟ್ಟದ್ದು ಎರಡು ವರ್ಷಕ್ಕೂ ಕಡಿಮೆ ಅವಧಿ. ರೋಗಿಗಳನ್ನು ನೋಡಿದ್ದು ಅರವತ್ತು ವರ್ಷಕ್ಕೂ ಹೆಚ್ಚು. ಆದರೂ ಜನ ಕಡೆಯವರೆಗೂ ಕರೆದದ್ದು ಕ್ಯಾಪ್ಟನ್ ಲಕ್ಷ್ಮಿ ಎಂದೇ. ಫೌಜಿನಲ್ಲಿ ಕರ್ನಲ್ ದರ್ಜೆಗೆ ಏರಿದ ಮೇಲೂ ಆ ಹೆಸರು ಅಳಿಯಲಿಲ್ಲ.

1914ರ ಅಕ್ಟೋಬರ್ 24ರಂದು ಮದರಾಸಿನಲ್ಲಿ ಜನನ. ತಂದೆ ಎಸ್. ಸ್ವಾಮಿನಾಥನ್ ಹೈಕೋರ್ಟಿನ ಹೆಸರಾಂತ ವಕೀಲರು. ತಾಯಿ ಅಮ್ಮು ಸ್ವಾಮಿನಾಥನ್ ಪಾಲಕ್ಕಾಡ್ ಕಡೆಯ ಆನಕ್ಕರ ವಡಕ್ಕತ್ ಮನೆತನದವರು, ಮುಂದೆ ಸಂವಿಧಾನ ಸಭೆಯಲ್ಲಿ ಕುಳಿತವರು. ನೃತ್ಯ ಕಲಾವಿದೆ ಮೃಣಾಲಿನಿ ಸಾರಾಭಾಯಿ ಲಕ್ಷ್ಮಿಯ ತಂಗಿ. ಲಕ್ಷ್ಮಿ 1938ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಿಂದ ಎಂಬಿಬಿಎಸ್ ಮುಗಿಸಿದರು. ವಿಮಾನ ಚಾಲಕ ಪಿ.ಕೆ.ಎನ್. ರಾವ್ ಅವರೊಡನೆ ಆಗಿದ್ದ ಮೊದಲ ಮದುವೆ ಕೂಡಿಬರಲಿಲ್ಲ. 1940ರಲ್ಲಿ ಸಿಂಗಪುರಕ್ಕೆ ಹೋಗಿ, ಅಲ್ಲಿನ ಬಡ ಭಾರತೀಯ ಕೂಲಿಕಾರರಿಗಾಗಿ ದವಾಖಾನೆ ತೆರೆದರು.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಮರುವರ್ಷದ ಜುಲೈನಲ್ಲಿ ಸುಭಾಷ್ ಚಂದ್ರ ಬೋಸ್ ಬಂದಿಳಿದು, ಹೆಂಗಸರದ್ದೇ ಒಂದು ದಳ ಕಟ್ಟುವುದಾಗಿ ಸಾರಿದರು. ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನ ಸಿಂಗಪುರ ಶಾಖೆಯನ್ನು ಆಗ ನಡೆಸುತ್ತಿದ್ದವರು ಮಂಗಳೂರು ಮೂಲದ ವಕೀಲ ಅತ್ತಾವರ ಯಲ್ಲಪ್ಪ. ನೇತಾಜಿಗೆ ಮಹಿಳೆಯರಿಂದಲೇ ಗೌರವ ವಂದನೆ ಕೊಡಿಸುವ ಯೋಜನೆಯಲ್ಲಿ ಲಕ್ಷ್ಮಿಗೆ ಜೊತೆಯಾದವರೂ ಅವರೇ. ಮನೆಮನೆ ತಿರುಗಿ ಇಪ್ಪತ್ತು ಜನರನ್ನು ಒಪ್ಪಿಸಿದ್ದಾಯಿತು. ಸೀರೆಯುಟ್ಟ ಆ ಹೆಂಗಸರು ಭಾರದ ತ್ರೀ-ನಾಟ್-ತ್ರೀ ಬಂದೂಕು ಹಿಡಿದು ತರಾತುರಿಯಲ್ಲಿ ಕವಾಯತು ಕಲಿತು ವಂದನೆ ಸಲ್ಲಿಸಿದರು. ಬಳಿಕ ಬೋಸ್ ಜೊತೆ ಗಂಟೆಗಟ್ಟಲೆ ಮಾತುಕತೆ ನಡೆದು, ಲಕ್ಷ್ಮಿ ದವಾಖಾನೆ ಬಿಟ್ಟು ದಳದ ಹೊಣೆ ಹೊತ್ತರು. ಅಕ್ಟೋಬರ್ 21ರಂದು ಘೋಷಣೆಯಾದ ಆಜಾದ್ ಹಿಂದ್ ಸರ್ಕಾರದ ಮಂತ್ರಿಮಂಡಲದಲ್ಲಿದ್ದ ಏಕೈಕ ಮಹಿಳೆ ಅವರು.

ದಳಕ್ಕೆ ಸೇರಿದವರಲ್ಲಿ ಬಹಳಷ್ಟು ಮಂದಿ ಮಲಯದ ರಬ್ಬರ್ ತೋಟಗಳ ತಮಿಳು ಹುಡುಗಿಯರು. ಭಾರತವನ್ನು ಕಣ್ಣಾರೆ ಕಾಣದವರೂ ಅವರಲ್ಲಿದ್ದರು. ಬಂದೂಕು, ಬಯೋನೆಟ್, ದೂರದ ನಡಿಗೆ, ದಾದಿಯರ ಕೆಲಸ ಎಲ್ಲವನ್ನೂ ಕಲಿಸಲಾಯಿತು. ದಳ ಬರ್ಮಾಕ್ಕೆ ಹೋಯಿತಾದರೂ ಮುಂಚೂಣಿಯಲ್ಲಿ ಹೋರಾಡುವ ಅವಕಾಶ ಸಿಗಲಿಲ್ಲ. ಇಂಫಾಲದ ಕಾಳಗದಲ್ಲಿ ಫೌಜು ಸೋತ ನಂತರ ಗಾಯಾಳುಗಳ ಆರೈಕೆಯೇ ಮುಖ್ಯ ಕೆಲಸವಾಯಿತು. ಮುಂದಿನ ಬರಹಗಳಲ್ಲಿ ಕತ್ತಿ ಝಳಪಿಸುವ ಚಿತ್ರವೇ ಮೆರೆದು, ಬರ್ಮಾದ ಮೇಮ್ಯೋ ಆಸ್ಪತ್ರೆಯ ದುಡಿಮೆ ಹಿಂದೆ ಸರಿದದ್ದು ಅನ್ಯಾಯ. 1945ರ ಮೇನಲ್ಲಿ ಲಕ್ಷ್ಮಿ ಬ್ರಿಟಿಷರ ಸೆರೆಯಾದರು. ಭಾರತಕ್ಕೆ ಕಳಿಸಿದ್ದು 1946ರ ಮಾರ್ಚಿನಲ್ಲಿ.

ಅಷ್ಟರಲ್ಲಿ ಫೌಜಿನ ಅಧಿಕಾರಿಗಳ ಮೇಲೆ ಬ್ರಿಟಿಷರು ದೆಹಲಿಯ ಕೆಂಪುಕೋಟೆಯಲ್ಲಿ ನಡೆಸಿದ ವಿಚಾರಣೆ ಮುಗಿದಿತ್ತು. ಷಾ ನವಾಜ್ ಖಾನ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರೊಡನೆ ಕಟಕಟೆಯಲ್ಲಿ ನಿಂತಿದ್ದ ಪ್ರೇಮ್ ಕುಮಾರ್ ಸೆಹಗಲ್ ಬಲೂಚ್ ರೆಜಿಮೆಂಟಿನಿಂದ ಫೌಜಿಗೆ ಬಂದವರು. ಜೀವಾವಧಿ ಗಡೀಪಾರಿನ ಶಿಕ್ಷೆಯನ್ನು ಸೇನಾಧಿಪತಿ ಆಕಿನ್‌ಲೆಕ್ ಮನ್ನಾ ಮಾಡಿದರೂ ಸೇನೆಯಿಂದ ವಜಾ ಮಾಡಿದ್ದು, ಬಾಕಿ ಸಂಬಳ ಮುಟ್ಟುಗೋಲು ಹಾಕಿದ್ದು ಹಾಗೇ ಉಳಿದವು. 1947ರ ಮಾರ್ಚಿನಲ್ಲಿ ಲಾಹೋರಿನಲ್ಲಿ ಪ್ರೇಮ್ ಮತ್ತು ಲಕ್ಷ್ಮಿಯ ಮದುವೆಯಾಯಿತು. ಸೈನಿಕನ ಮಡದಿ ಎಂದರೆ ಕಂಟೋನ್ಮೆಂಟಿನ ಬಂಗಲೆ, ಕ್ಯಾಂಟೀನು, ಮೆಸ್ಸಿನ ಔತಣಕೂಟ ನೆನಪಾಗುತ್ತವೆ. ಈ ಸಂಸಾರಕ್ಕೆ ಅದಾವುದೂ ಇರಲಿಲ್ಲ, ಏಕೆಂದರೆ ಸ್ವತಂತ್ರ ಭಾರತದ ಸೇನೆಯೂ ಫೌಜಿನವರನ್ನು ಮರಳಿ ಸೇರಿಸಿಕೊಳ್ಳಲಿಲ್ಲ. ಪ್ರೇಮ್ ಕಾನ್ಪುರದಲ್ಲಿ ಗಿರಣಿ ಕೆಲಸಕ್ಕೆ ಸೇರಿದರು. ಲಕ್ಷ್ಮಿ ಅದೇ ಊರಿನಲ್ಲಿ ದೇಶವಿಭಜನೆಯ ನಿರಾಶ್ರಿತರಿಗೆ ಔಷಧ ಕೊಡುತ್ತಾ ಹೆರಿಗೆ ಮಾಡಿಸುತ್ತಾ ಬದುಕು ಕಟ್ಟಿಕೊಂಡರು. ಸುಭಾಷಿಣಿ, ಅನೀಸಾ ಇಬ್ಬರು ಹೆಣ್ಣುಮಕ್ಕಳು.

ತಾಯಿಯ ಹಾದಿಯಲ್ಲಿ ಮಕ್ಕಳು ನಡೆಯುವುದು ರೂಢಿ. ಇಲ್ಲಿ ಮಗಳು ಸುಭಾಷಿಣಿ ಮೊದಲು ಸಿಪಿಎಂ ಸೇರಿದರು, ತಾಯಿ ಆಮೇಲೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರಗಳಲ್ಲಿ ವಾರಗಟ್ಟಲೆ ದುಡಿದು ಬಂದ ಲಕ್ಷ್ಮಿ, 1981ರಲ್ಲಿ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರಾದರು. 1984ರಲ್ಲಿ ಭೋಪಾಲ್ ಅನಿಲ ದುರಂತ ನಡೆದಾಗ ವೈದ್ಯರ ತಂಡ ಕರೆದೊಯ್ದರು. 1996ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಯ ವಿರುದ್ಧ ಬೀದಿಗಿಳಿದು ಪೊಲೀಸರಿಂದ ಬಂಧನಕ್ಕೂ ಒಳಗಾದರು. ಆಗ ಅವರಿಗೆ 82 ವರ್ಷ. ಎರಡು ವರ್ಷಕ್ಕೆ ಪದ್ಮವಿಭೂಷಣ ಬಂತು.

2002ರಲ್ಲಿ ಎಡಪಕ್ಷಗಳು ಅವರನ್ನು ರಾಷ್ಟ್ರಪತಿ ಚುನಾವಣೆಗೆ ನಿಲ್ಲಿಸಿದವು. ಎದುರಾಳಿ ಎ.ಪಿ.ಜೆ. ಅಬ್ದುಲ್ ಕಲಾಂ. ಗೆಲ್ಲುವ ಲೆಕ್ಕ ಯಾರಿಗೂ ಇರಲಿಲ್ಲ. 87ರ ವಯಸ್ಸಿನಲ್ಲಿ ಲಕ್ಷ್ಮಿ ಊರೂರು ಸುತ್ತಿ ಭಾಷಣ ಮಾಡಿದರು. ಕಲಾಂ ಅವರಿಗೆ 9,22,884 ಮೌಲ್ಯದ ಮತಗಳು ಬಂದರೆ, ಇವರಿಗೆ 1,07,366.

ಪತಿ 1992ರಲ್ಲೇ ತೀರಿಕೊಂಡಿದ್ದರು. ತೊಂಬತ್ತು ದಾಟಿದ ಮೇಲೂ ಲಕ್ಷ್ಮಿ ಕಾನ್ಪುರದ ದವಾಖಾನೆಗೆ ಹೋಗುತ್ತಿದ್ದರು. 2012ರ ಜುಲೈ 23ರಂದು 97ನೇ ವಯಸ್ಸಿನಲ್ಲಿ ನಿಧನರಾದರು. ದೇಹವನ್ನು ಕಾನ್ಪುರದ ವೈದ್ಯಕೀಯ ಕಾಲೇಜಿಗೆ ದಾನ ಮಾಡಲಾಯಿತು.